ಕಾಲೇಜಿನ ತಂಡ ಪ್ರಾಜೆಕ್ಟ್‌ನಿಂದ ಗೇಮ್ ತಯಾರಿಕೆ ಕಲಿಯಬಹುದೇ?

ಪ್ರಶ್ನೆ: ನಾನು ದಾವಣಗೆರೆಯ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಕಂಪ್ಯೂಟರ್ ಸೈನ್ಸ್ ಆರನೇ ಸೆಮಿಸ್ಟರ್‌ನಲ್ಲಿ ಓದುತ್ತಿದ್ದೇನೆ. ನಾಲ್ವರಿರುವ ನಮ್ಮ ಬ್ಯಾಚ್ ಅಂತಿಮ ವರ್ಷದ ಪ್ರಾಜೆಕ್ಟ್ ಆಗಿ ಒಂದು ವಿಡಿಯೊ ಗೇಮ್ ಮಾಡಬೇಕೆಂದಿದೆ. ನಾನು ಕೋಡಿಂಗ್, ಒಬ್ಬಳು ಗ್ರಾಫಿಕ್ಸ್, ಒಬ್ಬ ಸೌಂಡ್ ಮತ್ತು ಲೆವೆಲ್, ಇನ್ನೊಬ್ಬಳು ರಿಪೋರ್ಟ್ ಎಂದು ಕೆಲಸ ಹಂಚಿಕೊಂಡಿದ್ದೇವೆ. ಲೆವೆಲ್ ಮಾಡುವ ಗೆಳೆಯನಿಗೆ, ಆಟಗಾರರು ದೊಡ್ಡ ಲೋಕವೊಂದರಲ್ಲಿ ಬೇಕಾದಂತೆ ಓಡಾಡುವ ಓಪನ್ ವರ್ಲ್ಡ್ ಗೇಮ್ ಮಾಡುವ ಆಸೆ. ನಮ್ಮಲ್ಲಿ ಗೇಮ್ ಬಗ್ಗೆ ಯಾವ ಪೇಪರೂ ಇಲ್ಲ, ಗೈಡ್ ಅಂತೂ "ಗೇಮ್‌ನಲ್ಲಿ ಇಂಜಿನಿಯರಿಂಗ್ ಏನಿದೆ?" ಎಂದು ಕೇಳುತ್ತಾರೆ. ಹೀಗೆ ತಂಡವಾಗಿ ಮಾಡಿದರೆ ನಿಜವಾಗಿ ಗೇಮ್ ಡೆವಲಪ್‌ಮೆಂಟ್ ಕಲಿಯಲು ಸಾಧ್ಯವೇ? ಯಾವ ಎಂಜಿನ್ (ಗೇಮ್ ಕಟ್ಟುವ ತಂತ್ರಾಂಶ) ಒಳ್ಳೆಯದು? ಮುಂದೆ ಕೆಲಸ ಹುಡುಕುವಾಗ ಇದರಿಂದ ಉಪಯೋಗವಾಗುತ್ತದೆಯೇ?

ಉತ್ತರ: ಖಂಡಿತ ಕಲಿಯಲು ಸಾಧ್ಯ. ಆದರೆ ನೀವು ಈಗ ಹಂಚಿಕೊಂಡಿರುವ ರೀತಿಯಲ್ಲೇ ಮುಂದುವರಿದರೆ ಕಲಿಯುವುದು ಬಹಳ ಕಡಿಮೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನಾಲ್ವರು ನಾಲ್ಕು ಭಾಗಗಳನ್ನು ಬೇರೆಬೇರೆಯಾಗಿ ಮಾಡಿ ಕೊನೆಯ ತಿಂಗಳಲ್ಲಿ ಜೋಡಿಸುವ ಪದ್ಧತಿ ನಮ್ಮ ಕಾಲೇಜುಗಳಲ್ಲಿ ರೂಢಿಯಾಗಿಬಿಟ್ಟಿದೆ. ಗ್ರಂಥಾಲಯದ ಡೇಟಾಬೇಸ್ ಅಥವಾ ಹಾಜರಾತಿಯ ಆ್ಯಪ್‌ನಂಥ ಪ್ರಾಜೆಕ್ಟ್‌ಗಳಲ್ಲಿ ಅದು ಹೇಗೋ ನಡೆದುಹೋಗುತ್ತದೆ, ಏಕೆಂದರೆ ಯಾವ ಟೇಬಲ್‌ನಲ್ಲಿ ಯಾವ ಕಾಲಂ ಇರಬೇಕು, ಯಾವ ಕೋರಿಕೆಗೆ ಯಾವ ಉತ್ತರ ಬರಬೇಕು ಎಂಬುದನ್ನು ಮೊದಲೇ ಕಾಗದದ ಮೇಲೆ ಬರೆದುಕೊಂಡು ಅದರಂತೆ ಕೆಲಸ ಮಾಡಬಹುದು. ಗೇಮ್‌ನಲ್ಲಿ ಭಾಗಗಳು ಒಂದಕ್ಕೊಂದು ಹೇಗೆ ಕೂಡಬೇಕು ಎಂಬುದು ಆಡಿ ನೋಡುವವರೆಗೆ ಯಾರಿಗೂ ತಿಳಿದಿರುವುದಿಲ್ಲ. ಈ ವಿದ್ಯೆಯ ಬಹುಪಾಲು ಇರುವುದೇ ಆ ಕೂಡುವ ಜಾಗಗಳಲ್ಲಿ. ಹಾಗಾಗಿ ಕೊನೆಯ ತಿಂಗಳಿಗೆಂದು ಮುಂದೂಡಿದ ಜೋಡಣೆಯ ಜೊತೆಗೆ ಕಲಿಕೆಯೂ ಮುಂದಕ್ಕೆ ಹೋಗುತ್ತದೆ, ಆಮೇಲೆ ಅದಕ್ಕೆ ಸಮಯವೇ ಉಳಿದಿರುವುದಿಲ್ಲ.

ಒಂದು ಸಣ್ಣ ಉದಾಹರಣೆಯನ್ನು ಬಿಡಿಸಿ ನೋಡೋಣ. ನಿಮ್ಮ ಗೇಮ್‌ನ ಪಾತ್ರ ಓಡುತ್ತ ಬಂದು ಒಂದು ಕಂದಕವನ್ನು ಜಿಗಿದು ದಾಟಬೇಕು ಎಂದಿಟ್ಟುಕೊಳ್ಳಿ. ಜಿಗಿತದ ಎತ್ತರ 3 ಮೀಟರ್, ನೆಲ ಬಿಟ್ಟು ತುದಿ ಮುಟ್ಟಲು 0.4 ಸೆಕೆಂಡ್ ಎಂದು ನೀವು ನಿರ್ಧರಿಸಿದರೆ, ಪಿಯುಸಿಯಲ್ಲಿ ಓದಿದ ಚಲನೆಯ ಸೂತ್ರಗಳಿಂದಲೇ ಆರಂಭದ ವೇಗ ಸೆಕೆಂಡಿಗೆ 15 ಮೀಟರ್ ಎಂದೂ ಗುರುತ್ವದ ವೇಗೋತ್ಕರ್ಷ 37.5 ಎಂದೂ ಬರುತ್ತದೆ. ಇದು ಭೂಮಿಯ 9.8ರ ಸುಮಾರು ನಾಲ್ಕು ಪಟ್ಟು. ನಿಜವಾದ ಗುರುತ್ವವನ್ನೇ ಇಟ್ಟರೆ ಇಷ್ಟು ಎತ್ತರ ಜಿಗಿದ ಪಾತ್ರ ಗಾಳಿಯಲ್ಲಿ ತೇಲಿದಂತೆ ಅನಿಸುವುದರಿಂದ ಹೀಗೆ ಹೆಚ್ಚಿಸುವುದು ಸಾಮಾನ್ಯ. ಪಾತ್ರ ಒಟ್ಟು 0.8 ಸೆಕೆಂಡ್ ಗಾಳಿಯಲ್ಲಿರುತ್ತದೆ, ಓಟದ ವೇಗ ಸೆಕೆಂಡಿಗೆ 6 ಮೀಟರ್ ಇದ್ದರೆ 4.8 ಮೀಟರ್ ದಾಟುತ್ತದೆ. ಈ ಲೆಕ್ಕವನ್ನು ನಂಬಿ ನಿಮ್ಮ ಗೆಳೆಯ ಲೆವೆಲ್‌ನಲ್ಲಿ 4.5 ಮೀಟರ್ ಅಗಲದ ಕಂದಕಗಳನ್ನು ಇಡುತ್ತಾನೆ, ಗ್ರಾಫಿಕ್ಸ್ ಮಾಡುವವರು 0.8 ಸೆಕೆಂಡಿಗೆ ಸರಿಹೊಂದುವ ಜಿಗಿತದ ಅನಿಮೇಷನ್ ಮಾಡುತ್ತಾರೆ. ಆಮೇಲೆ ಆಡಿದವರೆಲ್ಲ ಜಿಗಿತ ನಿಧಾನವಾಯಿತು ಎಂದಾಗ ನೀವು 0.4 ಇದ್ದದ್ದನ್ನು 0.35 ಮಾಡುತ್ತೀರಿ. ಗಾಳಿಯಲ್ಲಿರುವ ಸಮಯ 0.7 ಸೆಕೆಂಡಿಗೆ ಇಳಿಯಿತು, ದಾಟುವ ದೂರ 4.2 ಮೀಟರ್ ಆಯಿತು. ಲೆವೆಲ್‌ನ ಒಂದು ಕಂದಕವನ್ನೂ ಈಗ ದಾಟಲಾಗುವುದಿಲ್ಲ, ಪಾತ್ರ ನೆಲ ಮುಟ್ಟಿದಾಗ ಅದರ ಕಾಲು ಇನ್ನೂ ಮಡಚಿಕೊಂಡೇ ಇರುತ್ತದೆ, ಅನಿಮೇಷನ್‌ನ ಕೊನೆಯ ಚಿತ್ರಕ್ಕೆ ಕಟ್ಟಿದ್ದ ನೆಲಕ್ಕಿಳಿಯುವ ಸದ್ದು ತಡವಾಗಿ ಕೇಳಿಸುತ್ತದೆ. ಒಂದೇ ಒಂದು ಸಂಖ್ಯೆಗೆ ಮೂವರ ಕೆಲಸ ಅಲುಗಾಡಿತು.

ಇದರಲ್ಲಿ ಯಾರ ತಪ್ಪೂ ಇಲ್ಲ; ಗೇಮ್ ತಯಾರಿಸುವುದೆಂದರೆ ಇಂಥ ಸಂಖ್ಯೆಗಳನ್ನು ಎಲ್ಲರೂ ಕೂಡಿ ಹದಕ್ಕೆ ತರುವುದು. ಮೂರನೇ ವಾರದಲ್ಲಿ ಇದು ಗೊತ್ತಾದರೆ ಒಂದು ಸಂಜೆಯ ಕೆಲಸ, ವೈವಾದ ಹಿಂದಿನ ರಾತ್ರಿ ಗೊತ್ತಾದರೆ ಸರಿಪಡಿಸುವ ದಾರಿಯೇ ಇರುವುದಿಲ್ಲ. ಆದ್ದರಿಂದ ನಿಮ್ಮ ತಂಡಕ್ಕೆ ನಾನು ಹೇಳುವ ಮುಖ್ಯ ನಿಯಮ ಒಂದೇ: ಮೊದಲ ವಾರದಿಂದಲೇ ಆಡಲು ಬರುವ ಗೇಮ್ ಇರಬೇಕು, ಪ್ರತಿ ವಾರದ ಕೊನೆಗೆ ನಾಲ್ವರ ಕೆಲಸವೂ ಸೇರಿದ ಒಂದು ಬಿಲ್ಡ್, ಅಂದರೆ ತೆರೆದು ಆಡಬಹುದಾದ ಗೇಮ್‌ನ ಪ್ರತಿ, ಬೇರೊಬ್ಬರ ಕಂಪ್ಯೂಟರಿನಲ್ಲಿ ಓಡಬೇಕು. ಮೊದಲ ವಾರ ಪಾತ್ರವೆಂದರೆ ಒಂದು ಬೂದು ಡಬ್ಬ, ನೆಲವೆಂದರೆ ಒಂದು ಹಲಗೆ, ಸದ್ದೇ ಇಲ್ಲ. ಅಷ್ಟಿದ್ದರೂ ಅದು ಆಡಲು ಬರುವ ಗೇಮ್. ಎರಡನೇ ವಾರ ಆ ಡಬ್ಬಕ್ಕೆ ಒಂದು ಒರಟು ಚಿತ್ರ, ಒಂದು ಸದ್ದು, ಮೂರು ಕಂದಕ ಸೇರುತ್ತವೆ. ಕೆಲಸದ ಹೊಣೆ ಬೇರೆಬೇರೆಯವರ ಮೇಲಿರಲಿ, ತೊಂದರೆಯಿಲ್ಲ. ಆದರೆ ಎಲ್ಲರ ಕೆಲಸವೂ ಪ್ರತಿ ವಾರ ಒಂದೇ ಜಾಗಕ್ಕೆ ಬಂದು ಕೂಡಲೇಬೇಕು.

ಓಪನ್ ವರ್ಲ್ಡ್ ಆಸೆಯ ಬಗ್ಗೆ. ಆಸೆ ದೊಡ್ಡದಿರುವುದು ತಪ್ಪಲ್ಲ, ಆದರೆ ಒಂದು ವರ್ಷದಲ್ಲಿ, ಉಳಿದ ವಿಷಯಗಳ ಇಂಟರ್ನಲ್ಸ್, ಸೆಮಿನಾರ್, ಪ್ಲೇಸ್‌ಮೆಂಟ್ ತಯಾರಿಯ ನಡುವೆ, ನಾಲ್ವರಿಗೆ ಅದು ಸಾಧ್ಯವಿಲ್ಲ. ಔಟರ್ ವೈಲ್ಡ್ಸ್ ಎಂಬ ಪ್ರಸಿದ್ಧ ಗೇಮ್ ಅಮೆರಿಕದ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಅಲೆಕ್ಸ್ ಬೀಚಂ ಅವರ ಸ್ನಾತಕೋತ್ತರ ಪದವಿಯ ಯೋಜನೆಯಾಗಿ ಹುಟ್ಟಿತು. ಒಂದು ಇಡೀ ಸೌರವ್ಯೂಹದಲ್ಲಿ ಸ್ವತಂತ್ರವಾಗಿ ಓಡಾಡುವ ಕಲ್ಪನೆ ಅದರದ್ದು. 2015ರಲ್ಲಿ ಇಂಡಿಪೆಂಡೆಂಟ್ ಗೇಮ್ಸ್ ಫೆಸ್ಟಿವಲ್‌ನ ಮುಖ್ಯ ಪ್ರಶಸ್ತಿಯನ್ನೇ ಗೆದ್ದ ಮೇಲೂ ಅದು ಪೂರ್ಣಗೊಂಡು ಬಿಡುಗಡೆಯಾದದ್ದು 2019ರಲ್ಲಿ, ಅದೂ ಪೂರ್ಣಾವಧಿ ಕೆಲಸ ಮಾಡುವ ಸ್ಟುಡಿಯೊ ಒಂದರ ಕೈಯಲ್ಲಿ. ಅಷ್ಟು ಸಮಯ ನಿಮ್ಮ ಬಳಿ ಇಲ್ಲ.

ನಿಮ್ಮ ಪರಿಸ್ಥಿತಿಗೆ ಹೆಚ್ಚು ಹತ್ತಿರದ ಉದಾಹರಣೆ ವಾಷಿಂಗ್ಟನ್ ರಾಜ್ಯದ ರೆಡ್ಮಂಡ್‌ನಲ್ಲಿರುವ ಡಿಜಿಪೆನ್ ಸಂಸ್ಥೆಯದ್ದು. ಅಲ್ಲಿ ವಿದ್ಯಾರ್ಥಿಗಳು ಓದಿನ ಜೊತೆಗೇ ತಂಡಗಳಾಗಿ ಗೇಮ್ ಮಾಡುತ್ತಾರೆ. 2005ರಲ್ಲಿ ಕಿಮ್ ಸ್ವಿಫ್ಟ್ ಮತ್ತು ಸಹಪಾಠಿಗಳ ತಂಡ ನಾರ್ಬ್ಯಾಕುಲರ್ ಡ್ರಾಪ್ ಎಂಬ ಚಿಕ್ಕ ಗೇಮ್ ಮಾಡಿತು. ಅದರಲ್ಲಿದ್ದದ್ದು ಒಂದೇ ಕಲ್ಪನೆ: ಗೋಡೆಯ ಮೇಲೆ ಒಂದು ದ್ವಾರ, ಇನ್ನೊಂದೆಡೆ ಮತ್ತೊಂದು ದ್ವಾರ, ಒಂದರೊಳಗೆ ಹೊಕ್ಕವರು ಇನ್ನೊಂದರಿಂದ ಹೊರಬರುತ್ತಾರೆ. ಕಥಾನಾಯಕಿಯಾದ ರಾಜಕುಮಾರಿಗೆ ಜಿಗಿಯಲೂ ಬರುವುದಿಲ್ಲ, ಮಂಡಿಯಿಲ್ಲದವಳು ಎಂದೇ ಅವಳ ಹೆಸರು. ಜಿಗಿತವನ್ನು ಕೈಬಿಟ್ಟ ಈ ನಿರ್ಧಾರ ನನಗೆ ಬಹಳ ಮೆಚ್ಚುಗೆಯಾದದ್ದು. ಮೇಲೆ ನೋಡಿದ ಜಿಗಿತದ ತಾಪತ್ರಯಗಳೆಲ್ಲ ಇದರಿಂದ ಒಮ್ಮೆಗೇ ಹೋದವು, ಜೊತೆಗೆ ದ್ವಾರಗಳನ್ನು ಬಳಸದೆ ಆಟಗಾರರಿಗೆ ಬೇರೆ ದಾರಿಯೇ ಇಲ್ಲವಾಯಿತು. ವಿದ್ಯಾರ್ಥಿಗಳ ಕೆಲಸವನ್ನು ಉದ್ಯಮದವರಿಗೆ ತೋರಿಸುವ ಕಾಲೇಜಿನ ಮೇಳದಲ್ಲಿ ಗೇಮ್ ತಯಾರಿಸುವ ವಾಲ್ವ್ ಕಂಪನಿಯವರು ಇದನ್ನು ಕಂಡು ಇಡೀ ತಂಡವನ್ನೇ ಕೆಲಸಕ್ಕೆ ತೆಗೆದುಕೊಂಡರು. ಅದೇ ಕಲ್ಪನೆ 2007ರಲ್ಲಿ ಪೋರ್ಟಲ್ ಎಂಬ ಗೇಮ್ ಆಯಿತು. ಮುಂದೆ ಡಿಜಿಪೆನ್‌ನ ಇನ್ನೊಂದು ತಂಡ ನೆಲ-ಗೋಡೆಗಳಿಗೆ ಬಣ್ಣ ಬಳಿದು ಅವುಗಳ ಗುಣವನ್ನೇ ಬದಲಿಸುವ ಗೇಮ್ ಮಾಡಿತು. ಅವರನ್ನೂ ವಾಲ್ವ್ ಸೇರಿಸಿಕೊಂಡಿತು, ಆ ಬಣ್ಣಗಳ ಕಲ್ಪನೆ 2011ರ ಪೋರ್ಟಲ್ 2ರಲ್ಲಿ ಬಂತು. ಎಲ್ಲರಿಗೂ ಇಂಥ ಅದೃಷ್ಟ ಒದಗುತ್ತದೆ ಎಂದು ಹೇಳಲು ಇದನ್ನು ಬರೆಯುತ್ತಿಲ್ಲ. ಒಂದು ಕಲ್ಪನೆಯನ್ನು ಹಿಡಿದು, ಅದಕ್ಕೆ ಬೇಡದ್ದನ್ನೆಲ್ಲ ಬಿಟ್ಟು, ಆಡಬಹುದಾದ ಸ್ಥಿತಿಗೆ ಮುಟ್ಟಿಸಿದ ಕೆಲಸಕ್ಕೆ ಎಷ್ಟು ಬೆಲೆಯಿದೆ ಎಂಬುದನ್ನು ನಿಮ್ಮ ಗೆಳೆಯನಿಗೆ ತೋರಿಸಲು ಬರೆದೆ.

ಅಂಥ ಒಂದು ಕಲ್ಪನೆ ಸಿಗುವುದು ಹೇಗೆ? ಕೂತು ಯೋಚಿಸುವುದಕ್ಕಿಂತ ಹಲವು ಚಿಕ್ಕ ಗೇಮ್‌ಗಳನ್ನು ಮಾಡಿ ಎಸೆಯುವುದೇ ಒಳ್ಳೆಯ ದಾರಿ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ 2005ರಲ್ಲಿ ಕೈಲ್ ಗ್ಯಾಬ್ಲರ್ ಸೇರಿದಂತೆ ನಾಲ್ವರು ವಿದ್ಯಾರ್ಥಿಗಳು ಒಂದು ಸೆಮಿಸ್ಟರ್‌ನಲ್ಲಿ 50ಕ್ಕೂ ಹೆಚ್ಚು ಗೇಮ್‌ಗಳನ್ನು ಮಾಡಿದರು. ನಾಲ್ವರಿಗೂ ಒಂದೇ ವಸ್ತು, ಪ್ರತಿಯೊಬ್ಬರೂ ಒಂಟಿಯಾಗಿ ಒಂದು ವಾರದೊಳಗೆ ಮುಗಿಸಬೇಕು ಎಂಬುದು ಅವರು ಹಾಕಿಕೊಂಡ ನಿಯಮ. ಗೋಪುರ ಕಟ್ಟುವ ಅಂಟು ಉಂಡೆಗಳ ಒಂದು ವಾರದ ಗೇಮ್ ಆ ರಾಶಿಯಲ್ಲೊಂದು. 2008ರಲ್ಲಿ ಅದು ವರ್ಲ್ಡ್ ಆಫ್ ಗೂ ಆಗಿ ಬೆಳೆಯಿತು. ನೀವೂ ಈ ಸೆಮಿಸ್ಟರ್ ಮುಗಿಯುವುದರೊಳಗೆ ಒಂದು ತಿಂಗಳು ಹೀಗೆ ಮಾಡಿ. ರಿಪೋರ್ಟ್ ಬರೆಯುವವರೂ ಸೇರಿದಂತೆ ನಾಲ್ವರೂ ತಲಾ ಒಂದೊಂದು ಚಿಕ್ಕ ಗೇಮನ್ನು ಮೊದಲಿನಿಂದ ಕೊನೆಯವರೆಗೆ ಒಬ್ಬರೇ ಮಾಡಿದರೆ, ಇತರರ ಕೆಲಸದಲ್ಲಿ ಏನು ಕಷ್ಟವಿದೆ ಎಂಬುದು ಎಲ್ಲರಿಗೂ ಅರ್ಥವಾಗುತ್ತದೆ. ಹೊಸ ಕಲ್ಪನೆ ಹೊಳೆಯದಿದ್ದರೆ ನಮ್ಮ ಮನೆಗಳ ಅಳಿಗುಳಿ ಮಣೆ, ಚೌಕಾಬಾರ, ಹುಲಿ-ಕುರಿ ಆಟಗಳನ್ನು ತೆಗೆದುಕೊಳ್ಳಿ. ಅವುಗಳ ನಿಯಮಗಳು ತಲೆಮಾರುಗಳಿಂದ ಹದವಾಗಿರುವುದರಿಂದ ನಿಮ್ಮ ಗಮನವನ್ನೆಲ್ಲ ಕಟ್ಟುವುದರ ಮೇಲೆ ಇಡಬಹುದು. ಹದಿನಾಲ್ಕು ಗುಳಿಗಳ ಅಳಿಗುಳಿ ಮಣೆಯಲ್ಲಿ ಕಾಳುಗಳು ಒಂದೊಂದಾಗಿ ಬೀಳುವ ವೇಗ, ಬಿದ್ದಾಗಿನ ಸದ್ದು, ಗುಳಿಯಲ್ಲಿ ಎಷ್ಟು ಕಾಳಿದೆ ಎಂದು ಎಣಿಸದೆಯೇ ಕಣ್ಣಿಗೆ ಕಾಣುವಂತೆ ಮಾಡುವ ಬಗೆ, ಇವಿಷ್ಟನ್ನೇ ಚೆನ್ನಾಗಿ ಮಾಡಿದರೂ ನೀವು ಬಹಳಷ್ಟು ಕಲಿತಿರುತ್ತೀರಿ.

ಜೋಡಣೆಯ ತಾಂತ್ರಿಕ ಭಾಗಕ್ಕೆ ಬರೋಣ, ಏಕೆಂದರೆ ವಿದ್ಯಾರ್ಥಿ ತಂಡಗಳು ಹೆಚ್ಚಾಗಿ ಎಡವುವುದು ಇಲ್ಲಿ. ಪೆನ್‌ಡ್ರೈವ್‌ನಲ್ಲೋ ವಾಟ್ಸ್ಆ್ಯಪ್‌ನಲ್ಲೋ ಜಿಪ್ ಫೈಲ್ ಕಳಿಸಿಕೊಳ್ಳುವುದನ್ನು ಮೊದಲ ದಿನವೇ ನಿಲ್ಲಿಸಿ, ಫೈಲ್‌ಗಳ ಪ್ರತಿ ಬದಲಾವಣೆಯನ್ನೂ ದಾಖಲಿಸಿ ಎಲ್ಲರ ಕೆಲಸವನ್ನು ಕೂಡಿಸುವ ಗಿಟ್ ಎಂಬ ತಂತ್ರಾಂಶ ಬಳಸಿ. ಕೋಡ್ ಫೈಲನ್ನು ಇಬ್ಬರು ತಿದ್ದಿದರೆ ಗಿಟ್ ಸಾಲು ಸಾಲಾಗಿ ಹೋಲಿಸಿ ಸೇರಿಸುತ್ತದೆ. ಯೂನಿಟಿ ಎಂಬ ಎಂಜಿನ್‌ನ ಸೀನ್ ಫೈಲ್ (ಗೇಮ್‌ನ ಒಂದು ದೃಶ್ಯದಲ್ಲಿ ಏನೇನು ಎಲ್ಲೆಲ್ಲಿದೆ ಎಂದು ಬರೆದಿಡುವ ಫೈಲ್) ಹಾಗಲ್ಲ. ಅದೂ ಅಕ್ಷರಗಳ ಫೈಲೇ ಆದರೂ ಒಂದು ಮರವನ್ನು ಸ್ವಲ್ಪ ಸರಿಸಿದರೆ ಮನುಷ್ಯರು ಓದಿ ಅರ್ಥ ಮಾಡಿಕೊಳ್ಳಲಾಗದ ಉದ್ದುದ್ದ ಸಂಖ್ಯೆಗಳ ನಡುವೆ ಬದಲಾವಣೆಯಾಗುತ್ತದೆ. ಒಂದೇ ಸೀನನ್ನು ನೀವೂ ನಿಮ್ಮ ಗೆಳೆಯನೂ ಒಂದೇ ಸಂಜೆ ತಿದ್ದಿದರೆ ಎರಡನ್ನೂ ಗಿಟ್ ಕೂಡಿಸಲಾರದೆ ಕಾನ್‌ಫ್ಲಿಕ್ಟ್ ಬಂದು, ಬಹುತೇಕ ಸಲ ಒಬ್ಬರ ಕೆಲಸವನ್ನು ಬಿಟ್ಟುಕೊಡಬೇಕಾಗುತ್ತದೆ. ಅದಕ್ಕೆ ಪರಿಹಾರ ಕೆಲಸದ ಶಿಸ್ತಿನಲ್ಲಿದೆ. ಪಾತ್ರ, ಬಾಗಿಲು, ಶತ್ರು ಎಲ್ಲವನ್ನೂ ಪ್ರತ್ಯೇಕ ಪ್ರಿಫ್ಯಾಬ್ (ಬೇಕಾದ ಸೀನಿನಲ್ಲಿ ಮತ್ತೆ ಮತ್ತೆ ಬಳಸಬಹುದಾದ ಬಿಡಿ ವಸ್ತು) ಮಾಡಿ, ಒಂದು ಸೀನನ್ನು ಒಂದು ಸಮಯಕ್ಕೆ ಒಬ್ಬರೇ ತೆರೆಯಬೇಕು ಎಂದು ಗೊತ್ತುಮಾಡಿಕೊಂಡು, ತೆರೆಯುವ ಮೊದಲು ಗ್ರೂಪ್‌ನಲ್ಲಿ ಒಂದು ಸಂದೇಶ ಹಾಕಿ. ಪ್ರತಿ ಚಿತ್ರ, ಪ್ರತಿ ಸ್ಕ್ರಿಪ್ಟ್‌ನ ಜೊತೆಗೆ ಯೂನಿಟಿ ಸೃಷ್ಟಿಸುವ ಮೆಟಾ ಫೈಲನ್ನು ತಪ್ಪದೆ ಗಿಟ್‌ಗೆ ಸೇರಿಸಿ. ಅದು ಬಿಟ್ಟುಹೋದರೆ ಇನ್ನೊಬ್ಬರ ಕಂಪ್ಯೂಟರಿನಲ್ಲಿ ಜೋಡಣೆಗಳೆಲ್ಲ ಕಳಚಿ, ಸ್ಕ್ರಿಪ್ಟ್ ಇರಬೇಕಾದ ಕಡೆ ಮಿಸ್ಸಿಂಗ್ ಎಂದು ಕಾಣಿಸುತ್ತದೆ. ಯೂನಿಟಿ ತಾನೇ ಮತ್ತೆ ಸೃಷ್ಟಿಸಿಕೊಳ್ಳುವ ಲೈಬ್ರರಿ ಫೋಲ್ಡರನ್ನು ಸೇರಿಸಬೇಡಿ. 100 ಎಂಬಿ ಮೀರಿದ ಫೈಲನ್ನು, ಗಿಟ್ ಕೆಲಸವನ್ನು ಅಂತರ್ಜಾಲದಲ್ಲಿ ಇಡುವ ತಾಣವಾದ ಗಿಟ್‌ಹಬ್ ಒಪ್ಪುವುದಿಲ್ಲವಾದ್ದರಿಂದ ದೊಡ್ಡ ಚಿತ್ರ ಮತ್ತು ಸದ್ದಿನ ಫೈಲ್‌ಗಳಿಗೆ ಗಿಟ್ ಎಲ್‌ಎಫ್‌ಎಸ್ ಎಂಬ ಗಿಟ್‌ನ ಜೊತೆಗಾರ ತಂತ್ರಾಂಶವನ್ನು ಹಾಕಿಕೊಳ್ಳಿ.

ಇನ್ನು ಆಡಿಸಿ ನೋಡುವುದು. ಪ್ರತಿ ವಾರದ ಬಿಲ್ಡನ್ನು ನಿಮ್ಮ ತಂಡದ ಹೊರಗಿನ ಇಬ್ಬರ ಕೈಗೆ ಕೊಡಿ. ಹಾಸ್ಟೆಲಿನ ಗೆಳೆಯರಿರಲಿ, ಗೇಮ್ ಆಡದ ತಂಗಿಯೇ ಇರಲಿ. ಅವರ ಹಿಂದೆ ಕೂತು ಬಾಯಿ ಮುಚ್ಚಿಕೊಂಡು ನೋಡಬೇಕು. "ಅಲ್ಲಿ ಹೋಗು, ಸ್ಪೇಸ್ ಒತ್ತು" ಎಂದು ಒಂದು ಮಾತು ಹೇಳಿದರೂ ಆ ಪರೀಕ್ಷೆ ವ್ಯರ್ಥ. ಆಡುವವರು ಕಂದಕದ ಅಂಚಿನಲ್ಲಿ ಬಿದ್ದು "ನಾನು ಒತ್ತಿದೆ, ಅದು ಹಾರಲೇ ಇಲ್ಲ" ಎನ್ನುತ್ತಾರೆ. ನಿಮ್ಮ ಕೋಡ್ ಸರಿಯಾಗಿಯೇ ಇದೆ, ಅವರು ಒತ್ತಿದ್ದು ಪಾತ್ರದ ಕಾಲು ಅಂಚು ಬಿಟ್ಟ 0.05 ಸೆಕೆಂಡಿನ ನಂತರ. ಹಾಗೆಂದು ಅವರ ಮಾತು ಸುಳ್ಳಲ್ಲ, ಅವರ ಕಣ್ಣಿಗೆ ಪಾತ್ರ ಇನ್ನೂ ಅಂಚಿನ ಮೇಲೆಯೇ ಇತ್ತು. ಅದಕ್ಕೇ ಅನೇಕ ಗೇಮ್‌ಗಳು ಅಂಚು ಬಿಟ್ಟ ಮೇಲೂ ಸುಮಾರು 0.1 ಸೆಕೆಂಡಿನವರೆಗೆ ಜಿಗಿಯಲು ಅವಕಾಶ ಕೊಡುತ್ತವೆ. ಉದ್ಯಮದಲ್ಲಿ ಇದನ್ನು ಕೊಯೊಟಿ ಟೈಮ್ ಎನ್ನುತ್ತಾರೆ. ಇದನ್ನು ಟ್ಯುಟೋರಿಯಲ್‌ನಲ್ಲಿ ನೋಡಿ ನಕಲು ಮಾಡಿದವರಿಗಿಂತ, ಎದುರಿಗೆ ಕೂತವರು ಬಿದ್ದು ಬೇಸರಪಟ್ಟದ್ದನ್ನು ಕಂಡು ಸೇರಿಸಿದವರು ಮುಂದೆ ಇಂಥ ನೂರು ವಿಷಯಗಳನ್ನು ತಾವೇ ಗುರುತಿಸುತ್ತಾರೆ.

ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಚಿಂತೆಯಾದದ್ದು ರಿಪೋರ್ಟ್ ಹೊಣೆ ಹೊತ್ತ ಸಹಪಾಠಿಯ ಬಗ್ಗೆ. ನಮ್ಮ ಬ್ಯಾಚ್‌ಗಳಲ್ಲಿ ಒಬ್ಬರನ್ನು ಬರವಣಿಗೆಗೆ ಮೀಸಲಿಟ್ಟುಬಿಡುತ್ತೇವೆ, ಬಹಳ ಸಲ ಒಬ್ಬ ಹುಡುಗಿಯನ್ನು, ಮತ್ತು ಅವರು ವರ್ಷದ ಕೊನೆಗೆ ಗೇಮ್ ಬಗ್ಗೆ ಏನನ್ನೂ ಕಲಿಯದೆ ಉಳಿಯುತ್ತಾರೆ. ಇದು ಅನ್ಯಾಯ. ಅವರನ್ನು ಆಡಿಸಿ ನೋಡುವ ಕೆಲಸದ ಮುಖ್ಯಸ್ಥೆಯನ್ನಾಗಿ ಮಾಡಿ: ಯಾರು ಎಲ್ಲಿ ಸಿಕ್ಕಿಹಾಕಿಕೊಂಡರು, ಎಷ್ಟು ಸಲ ಸತ್ತರು, ಯಾವ ಬದಲಾವಣೆಯಿಂದ ಅದು ಕಡಿಮೆಯಾಯಿತು ಎಂದು ದಾಖಲಿಸಿ, ಮುಂದಿನ ವಾರ ಏನನ್ನು ಬದಲಿಸಬೇಕೆಂದು ತೀರ್ಮಾನಿಸುವ ಅಧಿಕಾರವೂ ಅವರಿಗಿರಲಿ. ಗೇಮ್ ಡಿಸೈನ್ ಎನ್ನುವುದು ಬಹುಮಟ್ಟಿಗೆ ಇದೇ ಕೆಲಸ. ಈ ದಾಖಲೆಯೇ ರಿಪೋರ್ಟ್‌ನ ಒಳ್ಳೆಯ ಅಧ್ಯಾಯವೂ ಆಗುತ್ತದೆ, ಉಳಿದ ಅಧ್ಯಾಯಗಳನ್ನು ನಾಲ್ವರೂ ಹಂಚಿಕೊಂಡು ಬರೆಯಿರಿ.

ಕೆಲಸ ಮಾಡದ ಸದಸ್ಯರ ಸಮಸ್ಯೆ ಎಲ್ಲ ತಂಡಗಳಲ್ಲೂ ಬರುತ್ತದೆ, ಅದನ್ನು ಮುಚ್ಚಿಡಬಾರದು. ಕಾರ್ನೆಗಿ ಮೆಲನ್‌ನಲ್ಲಿ ರ್‍ಯಾಂಡಿ ಪಾಶ್ ನಡೆಸುತ್ತಿದ್ದ ವರ್ಚುವಲ್ ಲೋಕಗಳನ್ನು ಕಟ್ಟುವ ಕೋರ್ಸ್‌ನಲ್ಲಿ ಕಲೆ, ನಾಟಕ, ಕಂಪ್ಯೂಟರ್ ಓದುವ ವಿದ್ಯಾರ್ಥಿಗಳನ್ನು ನಾಲ್ವರ ತಂಡಗಳಾಗಿ ಬೆರೆಸಿ, ಎರಡೆರಡು ವಾರಕ್ಕೆ ಒಂದು ಕೆಲಸ ಕೊಟ್ಟು, ಪ್ರತಿ ಸಲ ತಂಡಗಳನ್ನೇ ಬದಲಿಸುತ್ತಿದ್ದರು. ಯಾರು ಶ್ರಮಪಟ್ಟರು, ಯಾರ ಜೊತೆ ಕೆಲಸ ಮಾಡುವುದು ಸುಲಭ ಎಂದು ಸಹಪಾಠಿಗಳೇ ಅಂಕ ಕೊಟ್ಟು ಅದನ್ನು ಅವರವರಿಗೆ ತೋರಿಸುತ್ತಿದ್ದರು. ನಿಮ್ಮ ತಂಡ ವರ್ಷವಿಡೀ ಒಂದೇ ಆಗಿರುವುದರಿಂದ ತಿಂಗಳಿಗೊಮ್ಮೆ ಇಂಥ ಒಂದು ಮಾತುಕತೆ ಇನ್ನೂ ಹೆಚ್ಚು ಅಗತ್ಯ.

ಗೈಡ್ ಅವರ ಪ್ರಶ್ನೆಯನ್ನು ಅವಮಾನವೆಂದು ತಿಳಿಯಬೇಡಿ, ಅದಕ್ಕೆ ನೇರವಾದ ಉತ್ತರವಿದೆ. ಸೆಕೆಂಡಿಗೆ 60 ಚಿತ್ರ ತೋರಿಸಬೇಕೆಂದರೆ ಇನ್‌ಪುಟ್ ಓದುವುದು, ಭೌತಶಾಸ್ತ್ರದ ಲೆಕ್ಕ, ಶತ್ರುಗಳ ನಿರ್ಧಾರ, ಚಿತ್ರ ಬಿಡಿಸುವುದು ಎಲ್ಲವೂ ಸುಮಾರು 16.7 ಮಿಲಿಸೆಕೆಂಡಿನೊಳಗೆ ಮುಗಿಯಬೇಕು. ಈ ಮಿತಿಯೊಳಗೆ ನೀವು ಏನು ಮಾಡಿದಿರಿ, ಸಮಯ ಅಳೆಯುವ ಸಾಧನವಾದ ಪ್ರೊಫೈಲರ್‌ನಲ್ಲಿ ಎಲ್ಲಿ ಸಮಯ ಸೋರುತ್ತಿತ್ತು, ಅದನ್ನು ಹೇಗೆ ತಡೆದಿರಿ ಎಂಬುದಕ್ಕಿಂತ ಒಳ್ಳೆಯ ಇಂಜಿನಿಯರಿಂಗ್ ಅಧ್ಯಾಯ ಬೇಕಿಲ್ಲ. ಹುಲಿ-ಕುರಿಯಂಥ ಆಟವಾದರೆ ಕಂಪ್ಯೂಟರ್ ಎದುರಾಳಿಗೆ ಎರಡೂ ಕಡೆಯ ಮುಂದಿನ ನಡೆಗಳನ್ನು ಲೆಕ್ಕಹಾಕುವ ಮಿನಿಮ್ಯಾಕ್ಸ್ ಬರೆಯಬಹುದು. ಶತ್ರುಗಳು ದಾರಿ ಹುಡುಕಬೇಕಾದರೆ ಎ-ಸ್ಟಾರ್ ಅಲ್ಗಾರಿದಮ್ ಬೇಕು. ಇವೆಲ್ಲ ನಿಮ್ಮ ಪಠ್ಯದಲ್ಲೇ ಇರುವ ವಿಷಯಗಳು. ಪ್ರಾಜೆಕ್ಟ್‌ನ ಆರಂಭದಲ್ಲಿ ಸಲ್ಲಿಸುವ ಸಿನಾಪ್ಸಿಸ್‌ನಲ್ಲಿ ಇವನ್ನು ಸ್ಪಷ್ಟವಾಗಿ ಬರೆದರೆ ಗೈಡ್ ನಿಮ್ಮ ಪರವಾಗಿ ಮಾತಾಡಲು ಆಧಾರ ಸಿಗುತ್ತದೆ.

ಎಂಜಿನ್ ಆಯ್ಕೆಯ ಚರ್ಚೆಯಲ್ಲಿ ವಾರಗಟ್ಟಲೆ ಕಳೆಯಬೇಡಿ. ಮೊಬೈಲ್ ಗೇಮ್ ಕಂಪನಿಗಳಲ್ಲಿ ಕೆಲಸ ಬಯಸುವುದಾದರೆ ಯೂನಿಟಿ ಕಲಿಯುವುದು ಉಪಯುಕ್ತ. ಕಾಲೇಜು ಲ್ಯಾಬಿನ ಹಳೆಯ ಕಂಪ್ಯೂಟರ್‌ಗಳಲ್ಲೂ ಓಡಬೇಕು ಎಂದಾದರೆ ಗೊಡೊ ಹಗುರ, ಮುಕ್ತ ತಂತ್ರಾಂಶ, ಯಾವ ಶುಲ್ಕವೂ ಇಲ್ಲ. ಗೇಮ್‌ನ ಸಂಭಾಷಣೆ ಕನ್ನಡದಲ್ಲಿರಬೇಕು ಎಂದಿದ್ದರೆ ನನ್ನ ಒಲವು ಗೊಡೊ ಕಡೆಗೆ: 2023ರಲ್ಲಿ ಬಂದ ಅದರ ನಾಲ್ಕನೇ ಆವೃತ್ತಿ ಒತ್ತಕ್ಷರಗಳನ್ನು ಸರಿಯಾಗಿ ಮೂಡಿಸುತ್ತದೆ, ಆದರೆ ಯೂನಿಟಿಯಲ್ಲಿ ಅಕ್ಷರ ಮೂಡಿಸಲು ಸಾಮಾನ್ಯವಾಗಿ ಬಳಸುವ ಟೆಕ್ಸ್ಟ್‌ಮೆಶ್ ಪ್ರೊದಲ್ಲಿ ಅವು ಒಡೆದು ಕಾಣುತ್ತವೆ. ಅನ್‌ರಿಯಲ್ ಒಳ್ಳೆಯ ಎಂಜಿನ್, ಆದರೆ ನಿಮ್ಮ ಮೊದಲ ತಂಡದ ಕೆಲಸಕ್ಕೆ ಭಾರ. ಚಿತ್ರಗಳಿಗೆ ಕೆನ್ನಿ ಅವರ ಸಂಗ್ರಹದಂಥ, ಯಾರು ಬೇಕಾದರೂ ಬಳಸಬಹುದಾದ ಪರವಾನಗಿಯವುಗಳನ್ನು ಆರಂಭದಲ್ಲಿ ಬಳಸಿ. ಸಿನಿಮಾ ಹಾಡುಗಳನ್ನು ಹಿನ್ನೆಲೆಗೆ ಹಾಕಬೇಡಿ. ಸಾಧ್ಯವಾದರೆ ನಿಮ್ಮ ಊರಿನ ಚಿತ್ರಕಲಾ ಕಾಲೇಜಿನ ಒಬ್ಬ ವಿದ್ಯಾರ್ಥಿಯನ್ನು ಜೊತೆಗೆ ಸೇರಿಸಿಕೊಂಡು ಹೆಸರನ್ನೂ ಗೌರವದಿಂದ ಹಾಕಿ. ಬೇರೆ ಶಿಸ್ತಿನವರ ಜೊತೆ ಮಾತಾಡಿ ಕೆಲಸ ಮಾಡುವ ಅಭ್ಯಾಸ ಕಂಪ್ಯೂಟರ್ ಸೈನ್ಸ್ ತರಗತಿಯೊಳಗೆ ಸಿಗುವುದಿಲ್ಲ.

ಕೆಲಸದ ವಿಷಯ. ಬೆಂಗಳೂರಿನಲ್ಲಿ ಗೇಮ್ ಉದ್ಯಮಕ್ಕೆ ಕಾಲು ಶತಮಾನಕ್ಕೂ ಮೀರಿದ ಇತಿಹಾಸವಿದೆ. 1997ರಲ್ಲಿ ರಾಜೇಶ್ ರಾವ್ ಆರಂಭಿಸಿದ ಧ್ರುವ ಇಂಟರ್ಯಾಕ್ಟಿವ್ 2019ರಲ್ಲಿ ರಾಕ್‌ಸ್ಟಾರ್ ಗೇಮ್ಸ್‌ನ ಪಾಲಾಯಿತು. ಅನಿಮೇಷನ್ ಮತ್ತು ಗೇಮಿಂಗ್ ಕ್ಷೇತ್ರಕ್ಕೆಂದೇ ಕರ್ನಾಟಕ ಸರ್ಕಾರ 2012ರಲ್ಲಿ ಪ್ರತ್ಯೇಕ ನೀತಿ ತಂದಿತು. ಮುಂದೆ ಹೆಚ್ಚು ಓದಬೇಕೆನಿಸಿದರೆ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಬೆಂಗಳೂರು ಕ್ಯಾಂಪಸ್‌ನಲ್ಲಿ ಡಿಜಿಟಲ್ ಗೇಮ್ ಡಿಸೈನ್‌ನ ಸ್ನಾತಕೋತ್ತರ ಕೋರ್ಸ್ ಇದೆ. ಆದರೆ ಸ್ಟುಡಿಯೊಗಳು ನಿಮ್ಮ ಕ್ಯಾಂಪಸ್‌ಗೆ ಬರುವುದನ್ನು ಕಾಯಬೇಡಿ, ನೀವೇ ಅರ್ಜಿ ಹಾಕಬೇಕು. ಅರ್ಜಿಯ ಜೊತೆಗೆ ಯಾವ ತಕರಾರೂ ಇಲ್ಲದೆ ತೆರೆದುಕೊಳ್ಳುವ ಒಂದು ಬಿಲ್ಡ್, ಒಂದು ನಿಮಿಷದ ವಿಡಿಯೊ, ಮತ್ತು ತಂಡದಲ್ಲಿ ನೀವು ಖುದ್ದಾಗಿ ಮಾಡಿದ್ದೇನು ಎಂಬ ಪ್ರಾಮಾಣಿಕ ವಿವರ ಇರಲಿ. ಸಂದರ್ಶನದಲ್ಲಿ ಕೇಳುವುದು ಹೆಚ್ಚಾಗಿ ಕಾರಣಗಳನ್ನು: ಈ ಕಂದಕ ಇಷ್ಟೇ ಅಗಲ ಏಕೆ, ಈ ಶತ್ರುವನ್ನು ಏಕೆ ತೆಗೆದುಹಾಕಿದಿರಿ, ತಂಡದಲ್ಲಿ ಭಿನ್ನಾಭಿಪ್ರಾಯ ಬಂದಾಗ ಹೇಗೆ ತೀರ್ಮಾನಿಸಿದಿರಿ. ವಾರವಾರದ ಬಿಲ್ಡ್‌ಗಳನ್ನೂ ಗಿಟ್ ಇತಿಹಾಸವನ್ನೂ ಅಳಿಸದೆ ಉಳಿಸಿಕೊಂಡಿದ್ದರೆ ಪ್ರತಿ ಉತ್ತರಕ್ಕೂ ತೋರಿಸಲು ನಿಮ್ಮ ಬಳಿ ಸಾಕ್ಷಿ ಇರುತ್ತದೆ.

ಸಿನಾಪ್ಸಿಸ್ ಸಲ್ಲಿಸುವ ಮೊದಲು ತಂಡವಾಗಿ, ಎರಡು-ಮೂರು ದಿನದಲ್ಲಿ ಗೇಮ್ ಮಾಡಿ ಮುಗಿಸುವ ಒಂದು ಗೇಮ್ ಜಾಮ್‌ನಲ್ಲಿ ಭಾಗವಹಿಸಿ. ಪ್ರತಿ ವರ್ಷ ಜನವರಿಯ ಕೊನೆಯ ಹೊತ್ತಿಗೆ ನಡೆಯುವ ಗ್ಲೋಬಲ್ ಗೇಮ್ ಜಾಮ್‌ವರೆಗೆ ಕಾಯಬೇಕಾಗಿಯೂ ಇಲ್ಲ. ಒಂದು ಶುಕ್ರವಾರ ಸಂಜೆ ವಿಷಯವೊಂದನ್ನು ಚೀಟಿ ಎತ್ತಿ ಆರಿಸಿಕೊಂಡು, ಭಾನುವಾರ ಸಂಜೆಗೆ ಮುಗಿಸುವಂತೆ ನೀವೇ ನಡೆಸಬಹುದು. ಆ ಎರಡು ದಿನದಲ್ಲಿ ನಿಮ್ಮ ನಾಲ್ವರ ಹಂಚಿಕೆ ಎಲ್ಲಿ ತಡವರಿಸುತ್ತದೆ ಎಂಬುದು ಕಾಣುತ್ತದೆ. ಯಾರು ಯಾವ ಹೊಣೆ ಹೊರಬೇಕೆಂಬುದನ್ನು ಸೋಮವಾರ ಕೂತು ಹೊಸದಾಗಿ ಬರೆದುಕೊಳ್ಳಿ, ಸಿನಾಪ್ಸಿಸ್‌ನಲ್ಲಿ ಅದನ್ನೇ ಹಾಕಿ.